ಆಟ ಕಸಿದು ಪಾಠ ಕೊಡುವುದು ಯಾವ ನ್ಯಾಯ?



ಬೇಸಿಗೆ ಬಂತೆಂದರೆ ನಮ್ಮಂಥ ಪ್ರೆಸ್ಸಿನವರಿಗೆ ಎರಡೇ ಕೆಲಸ. ಒಂದು ಲಗ್ನಪತ್ರಿಕೆ, ಇನ್ನೊಂದು ಎಲ್‌ಕೆಜಿ ಪ್ರವೇಶದ ಕರಪತ್ರ. ಕೊಪ್ಪಳ, ಗಂಗಾವತಿಗಷ್ಟೇ ಅಲ್ಲ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೂ ಈ ಕರಪತ್ರ ಹೋಗುತ್ತದೆ. ಇಂಗ್ಲಿಷ್, ಕಂಪ್ಯೂಟರ್ ಎಂದು ದಪ್ಪಕ್ಷರದಲ್ಲಿ ಹಾಕಿಸುತ್ತಾರೆ. 'ಇಲ್ಲಿ ಮಕ್ಕಳು ಆಡುತ್ತಾರೆ' ಎಂಬ ಸಾಲು ಮಾತ್ರ ಕಾಣುವುದಿಲ್ಲ!

ಈ 'ಕೆಜಿ' ಎಂದರೇನು ಗೊತ್ತೇ? ಕಿಂಡರ್‌ಗಾರ್ಟನ್. ಜರ್ಮನ್ ಮಾತಿನಲ್ಲಿ ಮಕ್ಕಳ ತೋಟ. ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಕ 1837ರಲ್ಲಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟ. ಮಕ್ಕಳು ಆಡುತ್ತಾ ಕಲಿಯಲಿ ಎಂಬುದು ಅವನ ಆಸೆ. ನಮ್ಮಲ್ಲಿ ಕೆಜಿ ಎಂದರೆ ಪಾಟಿಚೀಲದ ತೂಕವಾಗಿದೆ!

ಆಟವೆಂದರೆ ಹೊತ್ತು ಕಳೆಯುವುದಲ್ಲ. ಆಣೆಕಲ್ಲು ಹಾರಿಸಿ ಹಿಡಿಯುವ ಹುಡುಗಿಯ ಕಣ್ಣು, ಕೈ ಒಂದಾಗುತ್ತವೆ. ನಾಳೆ ಪೆನ್ಸಿಲ್ ಹಿಡಿಯುವ ಬೆರಳು ಅಲ್ಲೇ ಹದಗೊಳ್ಳುತ್ತದೆ. ಅಳಗುಳಿಮನೆಯಲ್ಲಿ ಕಾಳು ಹಂಚುತ್ತಾ ಮಗು ಎಣಿಕೆ ಕಲಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಕೋಡು, ಇಣಿ, ಗ್ವಾದಲಿ ಎಂಬ ಮಾತುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. 'ಈಗ ನನ್ನ ಪಾಳಿ' ಎಂದು ಜಗಳಾಡುತ್ತಲೇ ಕಾಯುವುದು, ಸೋಲುವುದು, ಹಂಚಿಕೊಳ್ಳುವುದು ರೂಢಿಯಾಗುತ್ತದೆ. ಇದೆಲ್ಲ ನಡೆಯುವುದು ಅವ್ವನ ಮಾತಿನಲ್ಲಿ. ಕೈಕಟ್ಟಿ ಬಾಯಿ ಮುಚ್ಚಿ ಕೂರಿಸಿದರೆ ಆಟವೂ ಹೋಯಿತು, ಕನ್ನಡವೂ ಹೋಯಿತು!

ಫಿನ್ಲೆಂಡಿನ ಮಕ್ಕಳು ಒಂದನೇ ತರಗತಿಗೆ ಹೋಗುವುದೇ ಏಳನೇ ವರ್ಷಕ್ಕೆ. ಅವರೇನು ದಡ್ಡರೇ?

ಗೊಂಬೆಗೆ ನಮ್ಮಲ್ಲಿ ಬರವೇ? ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳವಿದೆ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಬಣ್ಣ ಹಚ್ಚಿ ಗೊಂಬೆ ಮಾಡುವ ಚಿತ್ರಗಾರರ ಊರು. ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಜಗತ್ತಿಗೇ ಆಟಿಕೆ ಮಾಡಹೊರಟ ಜಿಲ್ಲೆಯಲ್ಲಿ ಮಗುವಿನ ಕೈ ಬರಿದಾಗಿದ್ದರೆ ನಾಚಿಕೆ ಯಾರಿಗೆ?

ನಾಮಫಲಕಕ್ಕೆ ಮಸಿ ಬಳಿದರಷ್ಟೇ ಸಾಲದು, ಗೆಳೆಯರೇ. ನಿಮ್ಮ ಓಣಿಯ ಅಂಗನವಾಡಿಗೆ ಹೋಗಿ. ಶಾಲಾಪೂರ್ವ ಶಿಕ್ಷಣವೂ 1975ರಿಂದ ಆ ಯೋಜನೆಯ ಕೆಲಸವೇ, ಬರೀ ಊಟವಲ್ಲ. ಆಡಲು ಅಂಗಳವಿದೆಯೇ ನೋಡಿ. ಇಲ್ಲದಿದ್ದರೆ ನಗರಸಭೆಯನ್ನು, ಪಂಚಾಯ್ತಿಯನ್ನು ಬೆನ್ನುಹತ್ತಿ. ಒಂದು ಕಿನ್ನಾಳ ಗೊಂಬೆ ಕೊಂಡು ಕೊಡಿ. ವಾರಕ್ಕೊಮ್ಮೆ ಕೂತು ನೀವಾಡಿದ ಆಟ ಕಲಿಸಿ.

ಮನೆಯ ಮಗುವನ್ನು ಎಲ್‌ಕೆಜಿಗೆ ಸೇರಿಸಲು ಹೊರಟರೆ ನೀವೂ ಜೊತೆಗೆ ಹೋಗಿ, ಒಂದೇ ಪ್ರಶ್ನೆ ಕೇಳಿ: 'ಇಲ್ಲಿ ದಿನಕ್ಕೆ ಎಷ್ಟು ಹೊತ್ತು ಆಟ? ಯಾವ ಮಾತಿನಲ್ಲಿ?' ಸರಿಯಾದ ಉತ್ತರ ಬಾರದಿದ್ದರೆ ಫೀ ಕಟ್ಟದೆ ಮಗುವನ್ನು ಎತ್ತಿಕೊಂಡು ತಿರುಗಿ ಬನ್ನಿ!