ಚರ್ಮ ಕೊಡುವ ಸೂಚನೆ ನೋಡೋಣ

ಸೋಗೆ ಹಳದಿಯಾದರೆ ನಾವು ಬುಡ ಅಗೆದು ನೋಡುತ್ತೇವೆ. ಬಸಿಗಾಲುವೆ ಸರಿಯಿದೆಯೇ, ಬೇರು ಕೊಳೆತಿದೆಯೇ ಎಂದು ಹುಡುಕುತ್ತೇವೆ. ನಮ್ಮದೇ ಚರ್ಮದಲ್ಲಿ ಏನಾದರೂ ಕಂಡರೆ ಮಾತ್ರ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದು ಹಚ್ಚಿ ಸುಮ್ಮನಾಗುತ್ತೇವೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಸಕ್ಕರೆ ಕಾಯಿಲೆ ಎಷ್ಟೋ ಸಲ ಮೊದಲು ಗುರುತು ತೋರಿಸುವುದು ಚರ್ಮದಲ್ಲೇ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುವುದು. ಎಷ್ಟು ಉಜ್ಜಿದರೂ ಹೋಗದು, ಅದು ಕೊಳೆಯಲ್ಲ. ತೊಡೆಸಂದು, ಗುಪ್ತಾಂಗದಲ್ಲಿ ಮತ್ತೆ ಮತ್ತೆ ತುರಿಕೆ. ಒಂದರ ಹಿಂದೆ ಒಂದು ಕುರು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕಂದು ಕಲೆ. ಇವು ಇದ್ದವರಿಗೆಲ್ಲ ಸಕ್ಕರೆ ಇದೆ ಎಂದಲ್ಲ. ಮಳೆಗಾಲದಲ್ಲಿ ತೋಟಕ್ಕಿಳಿಯುವ ಯಾರಿಗೂ ಕೆಸರುಹುಣ್ಣು ಬಂದೀತು. ಆದರೆ ವಾಸಿಯಾಗಿ ಪುನಃ ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಇದ್ದು, ಇನ್ನೊಮ್ಮೆ ನೋಡಿದಾಗಲೂ ಅಷ್ಟೇ ಬಂದರೆ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ಐ.ಸಿ.ಎಂ.ಆರ್. ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದು ಅಂದಾಜಿಸಿದೆ. ಇದು ಪೇಟೆಯವರ ಕಾಯಿಲೆ ಎಂಬ ಮಾತು ಇನ್ನು ಬೇಡ.

ನಮಗೆ ದೊಡ್ಡ ಅಪಾಯ ಇರುವುದು ಪಾದದಲ್ಲಿ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಕಾಲಿನ ನರ ಹಾಳಾಗುತ್ತದೆ. ಬೆವರು ಕಡಿಮೆಯಾಗಿ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ನೋವೂ ಗೊತ್ತಾಗುವುದಿಲ್ಲ. ರಕ್ತ ಸಂಚಾರವೂ ಕುಗ್ಗಿದ್ದರೆ ಗಾಯ ಮಾಯುವುದಿಲ್ಲ. ನಮ್ಮೂರಲ್ಲೇ ಒಬ್ಬರ ಅಂಗಾಲಿಗೆ ಬಿದಿರಿನ ಸಿಬಿರು ಹೊಕ್ಕಿತ್ತು. ಅವರಿಗೆ ತಿಳಿಯಲೇ ಇಲ್ಲ. ಜಗಲಿಯಲ್ಲಿ ಕೀವಿನ ಗುರುತು ಕಂಡು ಮನೆಯವರು ಹೇಳಿದ ಮೇಲೆಯೇ ಗೊತ್ತಾದದ್ದು. ಅಷ್ಟರಲ್ಲಿ ನಂಜೇರಿ ಎರಡು ಬೆರಳು ತೆಗೆಯಬೇಕಾಯಿತು. "ನೋವಿರಲಿಲ್ಲ ಮಾರಾಯ್ರೆ, ಹಾಗಾಗಿ ನೋಡಲಿಲ್ಲ" ಅಂದರು.

ಆದ್ದರಿಂದ ಸಕ್ಕರೆ ಇರುವವರು ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಕನ್ನಡಿ ಇಟ್ಟು ನೋಡಲಿ, ಇಲ್ಲವೇ ಮನೆಯವರು ನೋಡಲಿ. ಕಾಲು ತೊಳೆದು ಸಂದು ಒರೆಸಬೇಕು. ಹಿಮ್ಮಡಿಗೆ ತೆಂಗಿನೆಣ್ಣೆ ಸಾಕು, ಬೆರಳ ಸಂದಿಗೆ ಎಣ್ಣೆ ಬೇಡ. ಹಂಡೆಯ ಬಿಸಿನೀರಿಗೆ ನೇರ ಕಾಲಿಡಬಾರದು, ಸುಟ್ಟರೂ ತಿಳಿಯದು. ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯಬಾರದು. ಗಾಯ ಕಂಡರೆ ಸೊಪ್ಪಿನ ರಸ ಹಚ್ಚಿ ಕಾಯದೆ ಡಾಕ್ಟರರಿಗೆ ತೋರಿಸಬೇಕು.

"ಬೂಟು ಹಾಕಿದರೆ ಹಾಳೆ ಮೇಲೆ ಜಾರುತ್ತದೆ, ಒಳಗೆ ಬೆವರುತ್ತದೆ" ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಹಿಡಿತ ಇರುವ ಅಡಿಯದ್ದನ್ನು ಆರಿಸಿ, ಹತ್ತಿಯ ಕಾಲುಚೀಲ ಹಾಕಿ, ದಿನಾ ಒಣಗಿಸಿದರೆ ನಿಭಾಯಿಸಬಹುದು. ಹಾಕುವ ಮೊದಲು ಒಳಗೆ ಕೈಹಾಕಿ ಕಲ್ಲು, ಮುಳ್ಳು ಇದೆಯೇ ನೋಡಿ.

ಇನ್ನೊಂದು ಮಾತು. ಔಷಧಿ ಬಿಡುವ ಪಂಪಿಗೆ ಸಾವಿರಗಟ್ಟಲೆ ಹಾಕುವ ನಾವು, ಬರಿಗಾಲಲ್ಲಿ ಬರುವ ಕೆಲಸದವರಿಗೆ ಒಂದು ಜೊತೆ ಗಂಬೂಟು ತೆಗೆಸಿಕೊಟ್ಟಿದ್ದೇವೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಸಕ್ಕರೆ ಪರೀಕ್ಷೆ ಉಚಿತ. ಕೊಯ್ಲು ಸುರುವಾಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ನಾವೂ ಅವರೂ ಒಟ್ಟಿಗೇ ಹೋಗಿ ಬರೋಣ.