‘ನಕಲಿ’ ಬ್ಯಾಂಡಿನ ಅಸಲಿ ಆಲ್ಬಂ

‘ಮಂಕೀಸ್’ ಹೆಸರು ಎತ್ತಿದರೆ ಸಾಕು, ರಾಕ್ ಸಂಗೀತ ಬಲ್ಲ ಗೆಳೆಯರು ಮೂಗು ಮುರಿಯುತ್ತಾರೆ. "ಅಯ್ಯೋ ಅವರಾ? ಟೀವಿಯವರು ಸೇರಿಸಿದ ಬ್ಯಾಂಡು ಮಾರಾಯ, ತಮ್ಮ ವಾದ್ಯ ತಾವು ನುಡಿಸಿದವರಲ್ಲ" ಅಂತ ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅವರ ಮೂರನೇ ಆಲ್ಬಂ ‘ಹೆಡ್‌ಕ್ವಾರ್ಟರ್ಸ್’ ಕೇಳಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ವಿಷಯ ಇಷ್ಟು. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ ಒಂದು ಹಾಸ್ಯ ಧಾರಾವಾಹಿ ಶುರುವಾಯಿತು. ಬೀಟಲ್ಸ್ ಥರದ ನಾಲ್ಕು ಹುಡುಗರ ಬ್ಯಾಂಡಿನ ಕಥೆ. ಮಿಕಿ ಡೊಲೆಂಜ್, ಡೇವಿ ಜೋನ್ಸ್, ಮೈಕಲ್ ನೆಸ್ಮಿತ್, ಪೀಟರ್ ಟಾರ್ಕ್ ಪಾತ್ರಧಾರಿಗಳು. ಹಾಡುಗಳ ಉಸ್ತುವಾರಿ ಡಾನ್ ಕರ್ಶ್ನರ್ ಎಂಬಾತನದು. ಹೆಚ್ಚಿನ ಹಾಡು ಬರೆಯುವವರು ಬೇರೆ, ನುಡಿಸುವವರು ಸ್ಟುಡಿಯೋ ವಾದ್ಯಗಾರರು, ಹುಡುಗರು ಬಂದು ದನಿ ಕೊಟ್ಟು ಹೋದರಾಯಿತು. ಮೊದಲ ಆಲ್ಬಂ 13 ವಾರ, ಎರಡನೆಯದು 18 ವಾರ ನಂಬರ್ ಒನ್!

ಇಷ್ಟು ದುಡ್ಡು ಬರುವಾಗ ಯಾರಾದರೂ ತಕರಾರು ತೆಗೀತಾರಾ? ಈ ಹುಡುಗರು ತೆಗೆದರು. "ರೆಕಾರ್ಡಿನಲ್ಲಿ ನುಡಿಸಿದ್ದು ನಾವಲ್ಲ" ಎಂದು ಪತ್ರಿಕೆಯವರ ಮುಂದೆ ಬಾಯಿಬಿಟ್ಟು ಹೇಳಿದವನೇ ನೆಸ್ಮಿತ್. ಜಗಳ ಜೋರಾಗಿ 1967ರ ಫೆಬ್ರವರಿಯಲ್ಲಿ ಕರ್ಶ್ನರ್ ಹೊರಬಿದ್ದ. ಆಮೇಲೆ ನಾಲ್ವರೂ ಚಿಪ್ ಡಗ್ಲಸ್ ಎಂಬ ಹೊಸ ನಿರ್ಮಾಪಕನ ಜೊತೆ ಸ್ಟುಡಿಯೋ ಸೇರಿದರು. ಧಾರಾವಾಹಿಗೆಂದೇ ಡ್ರಮ್ಸ್ ಕಲಿತ ಡೊಲೆಂಜ್ ಡ್ರಮ್ಸಿಗೆ ಕೂತ. ಟಾರ್ಕ್ ಬ್ಯಾಂಜೋ, ಕೀಬೋರ್ಡ್ ಹಿಡಿದ. ನೆಸ್ಮಿತ್ ಗಿಟಾರಿನ ಜೊತೆಗೆ ಸ್ಟೀಲ್ ಗಿಟಾರನ್ನೂ ನುಡಿಸಿದ. 1967ರ ಮೇನಲ್ಲಿ ಹೊರಬಂದದ್ದೇ ‘ಹೆಡ್‌ಕ್ವಾರ್ಟರ್ಸ್’.

ಅದ್ಭುತ ಆಲ್ಬಂ ಅಂತ ನಾನು ಹೇಳಲ್ಲ. ಅಲ್ಲಲ್ಲಿ ತಾಳ ಅಲ್ಲಾಡುತ್ತದೆ. ‘ಜಿಲ್ಚ್’ ಅಂತ ಒಂದಿದೆ, ಹಾಡೂ ಅಲ್ಲ, ನಾಲ್ವರ ಹುಚ್ಚು ಮಾತು. ಆದರೆ ‘ಯೂ ಟೋಲ್ಡ್ ಮಿ’ಯಲ್ಲಿ ಬ್ಯಾಂಜೋ ಕೇಳಿ, ‘ರ‍್ಯಾಂಡಿ ಸ್ಕೌಸ್ ಗಿಟ್’ನಲ್ಲಿ ಡೊಲೆಂಜ್ ಬಾರಿಸುವ ಟಿಂಪಾನಿ ಕೇಳಿ. ಆ ಹುರುಪು ಮೊದಲ ಎರಡು ಆಲ್ಬಮ್ಮುಗಳ ನುಣುಪಿನಲ್ಲಿ ಇಲ್ಲ. ಇದೂ ಒಂದು ವಾರ ನಂಬರ್ ಒನ್ ಆಯಿತು. ಮರುವಾರವೇ ಬೀಟಲ್ಸಿನ ‘ಸಾರ್ಜೆಂಟ್ ಪೆಪ್ಪರ್’ ಬಂದು ಪಕ್ಕಕ್ಕೆ ಸರಿಸಿತು. ಪಾಪ.

ಈಗ ನನ್ನ ತಕರಾರು. 1965ರಲ್ಲಿ ಬರ್ಡ್ಸ್ ಬ್ಯಾಂಡಿನ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ನಂಬರ್ ಒನ್ ಆಯಿತಲ್ಲ, ಅದರಲ್ಲಿ ವಾದ್ಯ ನುಡಿಸಿದ ಬರ್ಡ್ಸ್ ಸದಸ್ಯ ರಾಜರ್ ಮ್ಯಾಗ್ವಿನ್ ಒಬ್ಬನೇ. ಉಳಿದದ್ದು ಸ್ಟುಡಿಯೋದವರು. ಬೀಚ್ ಬಾಯ್ಸಿನ ‘ಪೆಟ್ ಸೌಂಡ್ಸ್’ (1966) ಬಹುಪಾಲು ನುಡಿಸಿದ್ದೂ ಅಂಥವರೇ. ಅವರನ್ನು ಯಾರೂ ನಕಲಿ ಅನ್ನಲಿಲ್ಲ. ಬ್ರಿಯಾನ್ ವಿಲ್ಸನ್ ಪ್ರತಿಭಾವಂತ, ನಿಜ, ಒಪ್ಪಿದೆ. ಹಾಗಂತ ಒಂದೇ ಕೆಲಸಕ್ಕೆ ಒಬ್ಬರಿಗೆ ಹಾರ, ಇನ್ನೊಬ್ಬರಿಗೆ ಬೈಗುಳ ಯಾವ ನ್ಯಾಯ?

ನಮಗಂತೂ ಈ ‘ನಕಲಿ’ ಎಂಬ ಮಾತು ಸ್ವಲ್ಪ ವಿಚಿತ್ರವೇ. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ರಾಜ್‌ಕುಮಾರ್ ಹಾಡಿದ್ದನ್ನು ನೋಡಿ ಮೈಮರೆತವರು ನಾವು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರೇ ಹಾಡಿದಾಗಲೂ ಖುಷಿಪಟ್ಟೆವು, ಹಿಂದಿನದನ್ನು ಮೋಸ ಅನ್ನಲಿಲ್ಲ. ಯಾಕಂದ್ರೆ ಪಿಬಿಎಸ್ ಹೆಸರನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಬೇರೆಯವರ ಸಹಾಯ ತಗೊಳ್ಳೋದು ತಪ್ಪಲ್ಲ, ಅವರ ಹೆಸರು ಮುಚ್ಚಿಡೋದು ತಪ್ಪು. ಮಂಕೀಸಿನ ಮೊದಲೆರಡು ಆಲ್ಬಮ್ಮುಗಳಲ್ಲಿ ಆ ತಪ್ಪಿತ್ತು, ಮಾಡಿದವರು ಕಂಪನಿಯವರು. ‘ಹೆಡ್‌ಕ್ವಾರ್ಟರ್ಸ್’ ಹೊದಿಕೆಯಲ್ಲಿ ಮಾತ್ರ, ಅಲ್ಲಲ್ಲಿ ಹೊರಗಿನವರು ನುಡಿಸಿದ್ದಾರೆ, ಆದರೆ ನಾವು ಹೇಳಿದಂತೆ ನುಡಿಸಿದ್ದಾರೆ ಎಂದು ಹುಡುಗರೇ ಬರೆದುಕೊಂಡಿದ್ದಾರೆ. ಮುಂದಿನ ಆಲ್ಬಮ್ಮಿನಲ್ಲಿ ಮತ್ತೆ ಸ್ಟುಡಿಯೋದವರ ನೆರವು ಪಡೆದರು. ಪಡೆಯಲಿ ಬಿಡಿ, ಈ ಸಲ ತೀರ್ಮಾನ ಅವರದೇ ಇತ್ತಲ್ಲ.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬೀಚ್ ಬಾಯ್ಸನ್ನು 1988ರಲ್ಲಿ, ಬರ್ಡ್ಸನ್ನು 1991ರಲ್ಲಿ ಒಳಗೆ ಕರೆದುಕೊಂಡಿತು. 2025ರ ಪಟ್ಟಿಯಲ್ಲೂ ಮಂಕೀಸ್ ಇರಲಿಲ್ಲ. ಜೋನ್ಸ್ 2012ರಲ್ಲಿ, ಟಾರ್ಕ್ 2019ರಲ್ಲಿ, ನೆಸ್ಮಿತ್ 2021ರಲ್ಲಿ ತೀರಿಕೊಂಡರು. ಇನ್ನು ಕರೆದರೂ ಮೂವರು ಬರಲಾರರು.

ಹೋಗಲಿ, ಒಮ್ಮೆ ಕೇಳಿ ನೋಡಿ. ಅರ್ಧ ಗಂಟೆಯ ಆಲ್ಬಂ ಅಷ್ಟೆ. ಆಮೇಲೂ ನಕಲಿ ಅನ್ನಿಸಿದರೆ ಬನ್ನಿ, ಜಗಳ ಆಡೋಣ!