ಗರ್ಭಿಣಿಯ ಊಟವೂ ಒಂದು ಮೈಲಿ ದಾರಿಯೂ

ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಅನ್ನ, ಬೇಳೆ ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಜೊತೆಗೆ ಕಬ್ಬಿಣಾಂಶದ ಮಾತ್ರೆ. ಅದಕ್ಕೆ ಮೊದಲು ಪಡಿಯು ಮನೆಗೇ ಹೋಗುತ್ತಿತ್ತು. ಮನೆಗೆ ಹೋದ ಪಡಿ ಮನೆಮಂದಿಯೆಲ್ಲರ ಪಾಲಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಗರ್ಭಿಣಿಯೇ. ಅವಳು ಕಣ್ಣೆದುರಿಗೇ ಉಣ್ಣಲಿ ಎಂಬ ಆಲೋಚನೆಯಲ್ಲಿ ತಪ್ಪು ಹುಡುಕುವುದು ಸುಲಭವಲ್ಲ.

ಹೀಗಿದ್ದೂ ಕರಾವಳಿ, ಮಲೆನಾಡುಗಳ ಅಂಗನವಾಡಿ ಕಾರ್ಯಕರ್ತೆಯರು ಆರಂಭದಿಂದಲೇ ಒಂದು ತೊಡಕನ್ನು ಹೇಳುತ್ತ ಬಂದರು. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ನಿಂತ ಮನೆಗಳು. ಇಲ್ಲಿ ತೋಟಕ್ಕೊಂದು, ಗುಡ್ಡಕ್ಕೊಂದು ಮನೆ. ಏಳು ತಿಂಗಳು ತುಂಬಿದವಳು ಮಳೆಗಾಲದಲ್ಲಿ ಕಾಲುಸಂಕ ದಾಟಿ, ಒಂದು ಹೊತ್ತಿನ ಊಟಕ್ಕಾಗಿ ಒಂದು ಮೈಲಿ ನಡೆದು ಬಂದಾಳೆಯೆ? ಬಾಣಂತಿಯಂತೂ ಹೊಸ್ತಿಲು ದಾಟುವ ರೂಢಿಯಿಲ್ಲ. ಬೀಡಿ ಕಟ್ಟುವವಳಿಗೆ ಅಷ್ಟು ಹೊತ್ತಿನ ಸಂಪಾದನೆಯೂ ಹೋಯಿತು.

ಇದನ್ನು ಕೆಲಸಗಳ್ಳತನದ ಗೊಣಗಾಟವೆಂದವರುಂಟು. ನಾವು ಒಪ್ಪಲಾರೆವು. ಊಟ ಬೇಡವೆಂದು ಅವರು ಹೇಳಿದ್ದಿಲ್ಲ. ಗರ್ಭಿಣಿಗೆ ಪುಷ್ಟಿ ದೊರೆಯುವುದು ಗುರಿ. ಕೇಂದ್ರದಲ್ಲಿ ಕುಳಿತು ಉಣ್ಣುವುದು ಅದರ ಸಾಧನ ಮಾತ್ರ. ಸಾಧನವೇ ಗುರಿಯಾಗಿ ಕುಳಿತರೆ ಹಾಜರಿ ಪುಸ್ತಕಕ್ಕೆ ಬಾರದವಳು ಲೆಕ್ಕಕ್ಕೇ ಬಾರದವಳಾಗುತ್ತಾಳೆ. ಹೆಚ್ಚು ಅಗತ್ಯವಿರುವುದು ಅವಳಿಗೇ. 2020ರಲ್ಲಿ ಕೊರೋನಾದಿಂದ ಕೇಂದ್ರಗಳು ಮುಚ್ಚಿದಾಗ ಪಡಿಯನ್ನು ಮನೆಗಳಿಗೆ ಮುಟ್ಟಿಸಿದವರೂ ಈ ಕಾರ್ಯಕರ್ತೆಯರೇ. ಯಾವ ಮನೆಗೆ ಪಡಿ, ಯಾರಿಗೆ ಕೇಂದ್ರದ ಊಟ ಎಂಬುದನ್ನು ತೀರ್ಮಾನಿಸುವ ಸ್ವಾತಂತ್ರ್ಯ ಅವರಿಗಿರಬೇಕೆಂಬುದೇ ನಮ್ಮ ಅಭಿಪ್ರಾಯ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿ ರಕ್ತಹೀನರು. 2015-16ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ.

ಕಾರ್ಯಕರ್ತೆಯರ ಇನ್ನೊಂದು ದೂರು ಸರಕಾರದ ಮೇಲಲ್ಲ, ನಮ್ಮ ಮನೆಗಳ ಮೇಲೆ. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ಎಸೆಯುವವರು, ಚಹದೊಡನೆ ನುಂಗುವವರು (ಚಹವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದು), ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವೆಂದು ಸೊಸೆಯ ತಟ್ಟೆಯನ್ನು ಅಳೆಯುವ ಅತ್ತೆಯರು ಇನ್ನೂ ಇದ್ದಾರೆ. ಅಂಗನವಾಡಿಯ ಊಟ ಬಡವರದೆಂದು ಸಂಕೋಚಪಡುವವರು ನಮ್ಮ ಕುಟುಂಬಗಳಲ್ಲಿಯೂ ಇಲ್ಲದಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯು ಈ ಹಕ್ಕನ್ನು ಗರ್ಭಿಣಿಯರಿಗೂ, ಹೆರಿಗೆಯ ನಂತರ ಆರು ತಿಂಗಳವರೆಗೆ ತಾಯಂದಿರಿಗೂ ಕೊಟ್ಟಿದೆ. ಬಡತನದ ಚೀಟಿಯನ್ನು ಕೇಳಿಲ್ಲ.

ಅಂಗನವಾಡಿಗಳಲ್ಲಿ ಬಾಲವಿಕಾಸ ಸಮಿತಿಗಳಿವೆ, ಅವುಗಳಲ್ಲಿ ಊರಿನ ತಾಯಂದಿರಿಗೆ ಸ್ಥಾನವಿದೆ. ಅಲ್ಲಿ ಕುಳಿತುಕೊಳ್ಳುವ ನಮ್ಮ ಸೋದರಿಯರು ಮುಂದಿನ ಸಭೆಯಲ್ಲಿ, ಊಟಕ್ಕೆ ಬಾರದ ಗರ್ಭಿಣಿಯರು ಯಾರು, ಅವರ ಮನೆ ಎಷ್ಟು ದೂರ ಎಂದು ಕಾರ್ಯಕರ್ತೆಯನ್ನು ಕೇಳಿ ಬರೆಸಿಡಲಿ.